ಪಾವತಿ ಬಾರದ ಅರ್ಧ ನೋಟು

“ಬಂಟ್ವಾಳ ಪೇಟೆಯ ಬ್ಯಾರಿ ವ್ಯಾಪಾರಿಯೊಬ್ಬನು ನಮ್ಮ ಮೂಲಪುರುಷರಿಂದ ಒಂದು ವರ್ಷದ ಕಾಳುಮೆಣಸು, ಏಲಕ್ಕಿಗಳನ್ನೆಲ್ಲ ಕೊಂಡು, ಕಾಗದದ ಹಣವನ್ನೇ ಕಂಡರಿಯದ ಆ ಮುಗ್ಧರ ಕೈಗೆ ನೂರು ರೂಪಾಯಿಯ ನೋಟಿನ ಅರ್ಧ ಭಾಗವನ್ನು ಮಾತ್ರ ಕೊಟ್ಟು ವಂಚಿಸಿದನು. ಆ ಅರ್ಧ ನೋಟು ಇಂದಿಗೂ ನಮ್ಮ ಮನೆಯಲ್ಲಿ ಸಾಕ್ಷಿಯಾಗಿ ಉಳಿದಿದೆ.”

ನಮ್ಮ ಕುಟುಂಬದ ಚರಿತ್ರೆ ಎಂದು ತಮ್ಮನ ಮಗ ಸಿದ್ಧಪಡಿಸಿದ್ದ ಪುಸ್ತಕದ ಮೊದಲ ಪುಟದಲ್ಲಿ ಈ ಎರಡು ವಾಕ್ಯಗಳಿದ್ದವು. ಅವನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾಗಿ ಮೂಡುಬಿದಿರೆಯಲ್ಲಿ ನೆಲೆಸಿದವನು. ಅಚ್ಚಿಗೆ ಹೋಗುವ ಮೊದಲು ಕಾಗುಣಿತದ ತಪ್ಪುಗಳನ್ನು ನೋಡಿಕೊಡಬೇಕೆಂದು ಹಾಳೆಗಳನ್ನು ಸಿದ್ಧಕಟ್ಟೆಯ ನನ್ನ ಮನೆಗೆ ತಂದುಕೊಟ್ಟಿದ್ದ. ಕಾಗುಣಿತದಲ್ಲಿ ತಪ್ಪಿರಲಿಲ್ಲ. ಆದರೂ ಮೊದಲ ಪುಟವನ್ನು ದಾಟಿ ಎರಡನೆಯದಕ್ಕೆ ಹೋಗಲು ನನಗೆ ನಾಲ್ಕು ದಿನ ಸಾಧ್ಯವಾಗಲಿಲ್ಲ.

ಕಥೆ ಹೊಸತೇನಲ್ಲ. ಮುಂಡಾಜೆಯ ನಮ್ಮ ಹಿರಿಯರ ಮನೆಯಲ್ಲಿ ಹುಟ್ಟಿದ ಯಾರಿಗೂ ಅದು ಹೊಸತಲ್ಲ. ನನ್ನ ಮುತ್ತಜ್ಜನಿಗೆ ಹೀಗಾಯಿತೆಂದು ಅಜ್ಜ ಹೇಳಿದ್ದರು, ಅಪ್ಪ ಹೇಳಿದ್ದರು, ನಾನೂ ಹೇಳಿದ್ದೇನೆ. ಬಂಟ್ವಾಳದ ಆ ಮನೆಗೆ ನಮ್ಮವರು ‘ಅರ್ಧ ನೋಟಿನ ಮನೆ’ ಎಂದು ಹೆಸರಿಟ್ಟರು. ಹೆಸರು ನಮ್ಮ ಜಗಲಿಯಿಂದ ಸಂತೆಗೆ, ಸಂತೆಯಿಂದ ಬಸ್ಸಿಗೆ, ಬಸ್ಸಿನಿಂದ ಪೇಟೆಗೆ ಇಳಿದು ಕೊನೆಗೆ ಆ ಮನೆಯವರ ಗುರುತೇ ಅದಾಯಿತು. ಅವರ ಮನೆಗೆ ಹೆಣ್ಣು ನೋಡಲು ಬಂದವರಿಗೂ ಪೇಟೆಯವರು ದಾರಿ ತೋರಿಸುತ್ತಿದ್ದುದು ಆ ಹೆಸರಿನಿಂದಲೇ ಅಂತೆ.

ಇಷ್ಟು ಕಾಲ ಅದು ಬಾಯಿಮಾತಾಗಿತ್ತು. ಬಾಯಿಮಾತಿಗೆ ಎದುರು ಮಾತಾಡಬಹುದು. ಅಚ್ಚಾದದ್ದನ್ನು ಮುಂದಿನವರು ಆಧಾರವೆಂದು ಹಿಡಿಯುತ್ತಾರೆ. ಈಗಿನ ಕಾಲದಲ್ಲಿ, ಸತ್ತುಹೋದ ವ್ಯಾಪಾರಿಯೊಬ್ಬನನ್ನು ಬ್ಯಾರಿ ಮುಸ್ಲಿಮನೆಂಬ ಅವನ ಜಾತಿಯ ಹೆಸರಿನೊಂದಿಗೆ ವಂಚಕನೆಂದು ಸಾರುವ ಪುಟ ಯಾರ ಕೈಗೆ ಸಿಕ್ಕಿ ಏನಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಬರೆದವನು ತಡೆಯಲಾರ. ಆದ್ದರಿಂದ ಅಚ್ಚಿನ ಮೊದಲೇ ಅದು ನಿಜವೋ ಸುಳ್ಳೋ ಎಂದು ತಿಳಿಯಬೇಕಿತ್ತು.

ನಾನು ಶಾಲೆಗೆ ಹೋದದ್ದು ಏಳನೆಯ ತರಗತಿಯವರೆಗೆ. ಅನಂತರ ಕೂದಲು ನರೆಯುವವರೆಗೆ ಬಸ್ಸಿನ ಕಂಡಕ್ಟರ್ ಆಗಿ ದುಡಿದೆ. ಮೊದಲು ಬಂಟ್ವಾಳದಿಂದ ಚಾರ್ಮಾಡಿಯ ಕಡೆಗೆ, ಬಳಿಕ ಬೆಳ್ತಂಗಡಿಯಿಂದ ಮೂಡುಬಿದಿರೆಗೆ. ಮೂಡುಬಿದಿರೆಯಲ್ಲಿ ಬಸ್ಸು ನಿಲ್ಲುವ ಒಂದೂವರೆ ಗಂಟೆ ಡ್ರೈವರ್ ನಿದ್ದೆ ಮಾಡುತ್ತಿದ್ದ, ನಾನು ವಾಚನಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಏನು ಸಿಕ್ಕಿತೋ ಅದನ್ನೇ ಓದಿದೆ. ನನಗೆ ಗೊತ್ತಿರುವುದೆಲ್ಲ ಆ ಮೇಜಿನಿಂದ ಬಂದದ್ದು, ಇಲ್ಲವೇ ಹೆಗಲ ಚೀಲದಿಂದ.

ಚೀಲದಿಂದ ಬಂದ ವಿದ್ಯೆ ಹರಿದ ನೋಟಿನದು. ದಿನಕ್ಕೆ ಹತ್ತಾದರೂ ಹರಿದ ನೋಟುಗಳು ಕೈಗೆ ಬರುತ್ತಿದ್ದವು. ಬಸ್ಸಿನಲ್ಲಿ ನೂಕುನುಗ್ಗಲಿದ್ದರೂ, ಓದುಬರಹ ಬಾರದ ಮುದುಕಿಯೂ ಅರ್ಧ ತುಂಡನ್ನು ಇಡೀ ನೋಟೆಂದು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಕಳ್ಳನೋಟನ್ನು ದಾಟಿಸಬಹುದು, ಮಸಿ ಅಳಿದದ್ದನ್ನು ಮಡಚಿ ದಾಟಿಸಬಹುದು. ಅರ್ಧವನ್ನು ದಾಟಿಸಲಾಗದು, ಏಕೆಂದರೆ ಅದು ಅರ್ಧವೆಂದು ಅದೇ ಕೂಗಿ ಹೇಳುತ್ತದೆ. ಚಾರ್ಮಾಡಿಯ ಬುಡದಿಂದ ಬಂಟ್ವಾಳದಲ್ಲಿ ದೋಣಿ ತಂಗುವ ದಕ್ಕೆಗೆ ಗಾಡಿ ಹೊಡೆದು, ತೂಕದಲ್ಲಿ ಒಂದು ಮುಷ್ಟಿ ಕಡಿಮೆಯಾದರೆ ಜಗಳ ತೆಗೆಯುತ್ತಿದ್ದ ನನ್ನ ಮುತ್ತಜ್ಜ ಅರ್ಧ ಕಾಗದ ಹಿಡಿದು ಸುಮ್ಮನೆ ಮನೆಗೆ ಬಂದನೆ? ವ್ಯಾಪಾರಿಗೆ ಮೋಸ ಮಾಡುವುದೇ ಇದ್ದರೆ ಏನನ್ನೂ ಕೊಡದೆ ಇರಬಹುದಿತ್ತು. ಅರ್ಧ ಕೊಟ್ಟರೆ ಉಳಿದ ಅರ್ಧ ಅವನಿಗೂ ದಕ್ಕುವುದಿಲ್ಲ. ತನ್ನ ಐವತ್ತನ್ನೂ ಸುಟ್ಟುಕೊಳ್ಳುವ ಮೋಸಗಾರ ಎಲ್ಲಿದ್ದಾನೆ?

ಈ ಪ್ರಶ್ನೆಗಳು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಳೆದದ್ದು ಬೇರೆ.

ಆಗ ನಾನು ಬಂಟ್ವಾಳದ ರೂಟಿಗೆ ಹೊಸಬ. ಒಂದು ಬೆಳಿಗ್ಗೆ ಆ ‘ಅರ್ಧ ನೋಟಿನ ಮನೆ’ಯ ಯಜಮಾನರು ಬಸ್ಸು ಹತ್ತಿ ಮುಂಡಾಜೆಗೆ ಟಿಕೆಟು ಕೇಳಿ, ಮೂಲೆ ಸ್ವಲ್ಪ ಹರಿದ ಐದು ರೂಪಾಯಿಯ ನೋಟು ಕೊಟ್ಟರು. ನಾನು ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದೆ: “ಬ್ಯಾರಿಗಳೇ, ಇದರ ಎರಡೂ ತುಂಡು ಉಂಟಲ್ಲ? ನಿಮ್ಮ ಮನೆಯ ನೋಟು ಅಂದ ಮೇಲೆ ನೋಡಿಯೇ ತೆಗೆದುಕೊಳ್ಳಬೇಕು ಮಾರಾಯ್ರೆ!”

ಬಸ್ಸು ನಕ್ಕಿತು. ಹಿಂದಿನ ಸೀಟಿನಿಂದ ಯಾರೋ, “ಇನ್ನರ್ಧ ಮುಂಡಾಜೆಯಲ್ಲಿ ಇಳಿಯುವಾಗ ಕೊಡ್ತಾರಂತೆ!” ಎಂದ. ಮತ್ತೊಮ್ಮೆ ನಕ್ಕರು. ಯಜಮಾನರು ಅಂಗಿಯ ಎದೆಯ ಜೇಬಿನ ಮೇಲೆ ಒಂದು ಕೈ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಪುಂಜಾಲಕಟ್ಟೆಯಲ್ಲಿ ಬಸ್ಸು ನಿಂತಾಗ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಇಳಿದುಹೋದರು. ಮುಂಡಾಜೆಗೆ ಟಿಕೆಟು ಕೊಂಡವರು ಅರ್ಧ ದಾರಿಯಲ್ಲಿ ಏಕೆ ಇಳಿದರು ಎಂಬ ಯೋಚನೆ ಆ ಹೊತ್ತಿಗೆ ನನ್ನ ತಲೆಗೆ ಬರಲಿಲ್ಲ. ಮುಂದೆ ಅನೇಕ ವರ್ಷಗಳ ಕಾಲ ಅದು ಬರುತ್ತಿತ್ತು. ಬಂದಾಗ ನಾನು ಬೇರೇನಾದರೂ ಯೋಚಿಸುತ್ತಿದ್ದೆ.

ಹಾಳೆಗಳನ್ನಿಟ್ಟುಕೊಂಡು ಕುಳಿತ ಐದನೆಯ ದಿನ ನನ್ನ ಹಳೆಯ ಟಿಪ್ಪಣಿಯ ಪುಸ್ತಕಗಳನ್ನು ಹೊರಗೆ ತೆಗೆದೆ. ವಾಚನಾಲಯದಲ್ಲಿ ಓದಿ ಬರೆದಿಟ್ಟುಕೊಂಡವು ಅವು. ಬ್ರಿಟಿಷರು ನೋಟು ತಂದರು, ಜನ ನಂಬಿದರು ಎಂದು ಶಾಲೆಯ ಪಾಠ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಸಂಗತಿ ಅಷ್ಟು ಸರಳವಾಗಿರಲಿಲ್ಲ. ಸಾವಿರದ ಎಂಟುನೂರ ಅರವತ್ತೊಂದರ ಕಾಯಿದೆಯ ಮೂಲಕ ಸರ್ಕಾರ ನೋಟು ಹೊರಡಿಸುವ ಹಕ್ಕನ್ನು ಖಾಸಗಿ ಬ್ಯಾಂಕುಗಳಿಂದ ತನ್ನ ಕೈಗೆ ತೆಗೆದುಕೊಂಡಿತು. ಆದರೆ ಆ ನೋಟು ದೇಶಕ್ಕೆಲ್ಲ ಒಂದೇ ಆಗಿರಲಿಲ್ಲ. ದೇಶವನ್ನು ವಲಯಗಳಾಗಿ ಹಂಚಿ, ಯಾವ ವಲಯದಲ್ಲಿ ನೋಟು ಹೊರಟಿತೋ ಅಲ್ಲಿ ಮಾತ್ರ ಅದು ಹಕ್ಕಿನಿಂದ ಚಲಾವಣೆಯಾಗುವಂತೆ ಮಾಡಿದ್ದರು. ನಮ್ಮ ಕಡೆಗೆ ಹತ್ತಿರದ ಕಚೇರಿಗಳಲ್ಲೊಂದು ಮಲಯಾಳ ದೇಶದ ಕಲ್ಲಿಕೋಟೆಯಲ್ಲಿತ್ತು. ಕೇಳಿದ ಕೂಡಲೇ ಬೆಳ್ಳಿ ರೂಪಾಯಿ ಕೊಡುತ್ತೇವೆಂದು ನೋಟಿನ ಮೇಲೆ ಅಚ್ಚಾಗಿದ್ದುದು ನಿಜ. ಆದರೆ ಕೇಳಲು ಮುಂಡಾಜೆಯವನು ಎಷ್ಟು ಹೊಳೆ ದಾಟಬೇಕಿತ್ತು? ಅವನ ಪಾಲಿಗೆ ನೋಟನ್ನು ನಂಬುವುದೆಂದರೆ ರಾಣಿಯನ್ನಲ್ಲ, ಅದನ್ನು ಕೈಗೆ ಕೊಟ್ಟ ಮನುಷ್ಯನನ್ನು ನಂಬುವುದು.

ಅದೇ ಟಿಪ್ಪಣಿಯ ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಂಗತಿಯಿತ್ತು. ಬರೆದುಕೊಂಡವನೇ ಅದನ್ನು ಮರೆತಿದ್ದೆ. ಆ ಕಾಲದ ವ್ಯಾಪಾರಿಗಳು ದೊಡ್ಡ ನೋಟನ್ನು ಟಪಾಲಿನಲ್ಲಿ ಕಳುಹಿಸುವಾಗ ದಾರಿಯ ಕಳವಿಗೆ ಹೆದರಿ ಅದನ್ನು ನಡುವೆ ಕತ್ತರಿಸುತ್ತಿದ್ದರು. ಮೊದಲು ಒಂದು ಅರ್ಧ ಹೋಗುತ್ತಿತ್ತು. ಅದು ಸೇರಿತೆಂದು ಪಡೆದವನಿಂದ ಪಾವತಿ, ಅಂದರೆ ರಶೀದಿಯ ಬರಹ, ಬಂದ ಮೇಲೆ ಎರಡನೆಯ ಅರ್ಧ ಹೊರಡುತ್ತಿತ್ತು. ಎರಡು ಅರ್ಧಗಳ ಮೇಲೂ ನೋಟಿನ ನಂಬರು ಇರುತ್ತಿದ್ದುದರಿಂದ ಎರಡನ್ನೂ ಅಂಟಿಸಿ ಕಚೇರಿಯಲ್ಲಿ ಹಣ ಪಡೆಯಬಹುದಿತ್ತು. ಒಂದೇ ಅರ್ಧ ಕದ್ದವನಿಗೆ ಅದು ಬರಿಯ ಕಾಗದ.

ಮರುದಿನ ನಾನು ಮುಂಡಾಜೆಗೆ ಹೋದೆ. ಮನೆತುಂಬ ಜನ, ಚಿಕ್ಕಪ್ಪನ ಮಕ್ಕಳು, ಮೊಮ್ಮಕ್ಕಳು, ಅಂಗಳದಲ್ಲಿ ಎರಡು ಜೀಪು. ‘ಸಾಕ್ಷಿ’ಯನ್ನು ತೋರಿಸಿ ಎಂದೆ. ಅದನ್ನು ನೋಡಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಆಸ್ತಿಯ ಕಾಗದಗಳ ಪೆಟ್ಟಿಗೆಯನ್ನು ಹುಡುಕಿದರೂ ಸಿಗಲಿಲ್ಲ. ಆಗ ಒಳಗಿನಿಂದ ಚಿಕ್ಕಮ್ಮ, ತೊಂಬತ್ತು ದಾಟಿದವರು, ಗೋಡೆ ಹಿಡಿದುಕೊಂಡು ಬಂದರು.

“ಅಲ್ಲಿ ಎಂಥ ಹುಡುಕ್ತೀರಿ? ಅದನ್ನು ಮನೆಯೊಳಗೆ ಇಡುವುದುಂಟಾ? ಹಟ್ಟಿಯ ಅಟ್ಟದಲ್ಲಿ ನೋಡಿ.”

“ಹಟ್ಟಿಯಲ್ಲಾ? ನೂರು ರೂಪಾಯಿಯ ಸಾಕ್ಷಿಯನ್ನು ದನದ ಕೊಟ್ಟಿಗೆಯಲ್ಲಿ ಇಟ್ಟದ್ದಾ ಚಿಕ್ಕಮ್ಮ?”

“ಸಾಕ್ಷಿಯೋ ಗೀಕ್ಷಿಯೋ. ನಾನು ಮದುವೆಯಾಗಿ ಬಂದಾಗ ಅತ್ತೆ ಹೇಳಿದ್ದು ಅದು ಮಾಟದ ಕಾಗದ ಅಂತ. ಮುಟ್ಟಬಾರದು, ಸುಡಬಾರದು, ಹೊಳೆಗೆ ಹಾಕಿದರೂ ತಿರುಗಿ ಬರ್ತದೆ ಅಂತ. ಮೋಸದ ಕಥೆ ಎಲ್ಲ ನಿಮ್ಮ ಗಂಡಸರು ಆಮೇಲೆ ಕಟ್ಟಿದ್ದು.”

ಅಟ್ಟದಲ್ಲಿ, ಹಳೆಯ ನೊಗದ ಹಿಂದೆ, ಮೇಣದಿಂದ ಬಾಯಿ ಮುಚ್ಚಿದ ಬಿದಿರಿನ ಕೊಳವೆಯೊಂದು ಸಿಕ್ಕಿತು. ಒಡೆದಾಗ ಮೊದಲು ಬಿದ್ದದ್ದು ಬೂದಿ, ಬಳಿಕ ಸಾಸಿವೆ, ಬಳಿಕ ತುಕ್ಕು ಹಿಡಿದ ಒಂದು ಕಬ್ಬಿಣದ ಮೊಳೆ. ಕೊನೆಯಲ್ಲಿ ಎರಡು ಕಾಗದಗಳು ಬಂದವು. ಒಂದು ಅರ್ಧ ನೋಟು. ಹರಿದದ್ದಲ್ಲ, ನೇರವಾಗಿ ಕತ್ತರಿಸಿದ್ದು. ಮುಂಭಾಗದಲ್ಲಿ ಹಲವು ಲಿಪಿಗಳ ಸಾಲುಗಳು ನಡುವೆಯೇ ತುಂಡಾಗಿದ್ದವು. ಹಿಂಭಾಗ ಬಿಳಿ, ಅದರಲ್ಲಿ ಅರಬಿ ಅಕ್ಷರದಲ್ಲಿ ಕೈಯಿಂದ ಬರೆದ ಹೆಸರೊಂದರ ಕೊನೆಯ ಭಾಗ ಮಾತ್ರ ಇತ್ತು. ಹೆಸರನ್ನು ಕತ್ತರಿಯ ಗೆರೆಗೆ ಅಡ್ಡವಾಗಿಯೇ ಬರೆದಂತಿತ್ತು. ಇನ್ನೊಂದು ಕಾಗದದ ತುಂಬ ಮಲಯಾಳದ ಅಕ್ಷರಗಳಿದ್ದವು.

ನಾನು ಹಟ್ಟಿಯ ಮೆಟ್ಟಿಲಲ್ಲೇ ಕುಳಿತೆ. ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲಯಾಳ ದೇಶವೆಂದರೆ ಅಂದು ಮಂತ್ರವಾದಿಗಳ ದೇಶ. ಅಲ್ಲಿಂದ ಟಪಾಲಿನಲ್ಲಿ ಬಂದದ್ದು ನಡುವೆ ಕತ್ತರಿಸಿದ ಚಿತ್ರವಿಚಿತ್ರ ಕಾಗದ, ಅದರ ಹಿಂದೆ ತಲೆ ಕಡಿದ ಬರಹ, ಜೊತೆಗೆ ಮನೆಯಲ್ಲಿ ಒಬ್ಬರಿಗೂ ಓದಲಾಗದ ಗುಂಡುಗುಂಡು ಅಕ್ಷರಗಳ ಹಾಳೆ. ಅದುವರೆಗೆ ನೋಟನ್ನು ಕಾಣದಿದ್ದ ನನ್ನ ಮುತ್ತಜ್ಜ ತನಗೆ ಮೋಸವಾಯಿತೆಂದು ತಿಳಿಯಲಿಲ್ಲ. ತನ್ನ ಮನೆಗೆ ಯಾರೋ ಮಾಟ ಮಾಡಿಸಿದರೆಂದು ತಿಳಿದ. ಆದ್ದರಿಂದ ಬೂದಿ, ಸಾಸಿವೆ, ಮೊಳೆ. ಆದ್ದರಿಂದ ಹಟ್ಟಿ. ಮುಂದೆ ನೋಟುಗಳು ಊರಿಗೆ ಬಂದು, ಮನೆಯವರಿಗೆ ಅದೇನೆಂದು ಗೊತ್ತಾದಾಗ, ಹೆದರಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗಿರಬೇಕು. ಮಾಟ ಮೋಸವಾಗಿ ಬದಲಾಯಿತು.

ನೆರಿಯದಲ್ಲಿ ಕೇರಳದಿಂದ ಬಂದು ನೆಲೆಸಿದ ಹಳೆಯ ರಬ್ಬರ್ ಕೃಷಿಕರೊಬ್ಬರಿದ್ದಾರೆ, ಬಸ್ಸಿನ ಕಾಲದ ಪರಿಚಯ. ಕಾಗದವನ್ನು ಅವರ ಬಳಿಗೆ ಒಯ್ದೆ. ಲಿಪಿ ಹಳೆಯದೆಂದು ಗೊಣಗುತ್ತ, ಕನ್ನಡಕ ಬದಲಿಸುತ್ತ, ಬೆರಳಿಟ್ಟು ಓದಿದರು. ಓದಿ ಮುಗಿಸಿದ ಮೇಲೆ ನನ್ನನ್ನು ನೋಡಿದರು.

“ಇದಕ್ಕೆ ಬೂದಿ ಹಾಕಿದ್ದಾ? ಮಂತ್ರ ಎಂಥದೂ ಇಲ್ಲ ಮಾರಾಯ್ರೆ. ರಶೀದಿ ಕೇಳಿದ್ದು!”

ಅವರು ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಂಡೆ. ಸರಕು ಕಲ್ಲಿಕೋಟೆಯಲ್ಲಿ ಒಳ್ಳೆಯ ಬೆಲೆಗೆ ಹೋಯಿತು. ನಿಮ್ಮ ಪಾಲಿನ ನೂರು ರೂಪಾಯಿಯ ನೋಟಿನ ಒಂದು ಅರ್ಧ ಇದರೊಂದಿಗಿದೆ. ನನಗೆ ಜ್ವರವಾದ್ದರಿಂದ ಬರಲಾಗಲಿಲ್ಲ. ಸೇರಿದ್ದಕ್ಕೆ ಪಾವತಿ ಬರೆದು ಕಳುಹಿಸಿರಿ. ಅದು ಸಿಕ್ಕಿದ ಕೂಡಲೇ ಇನ್ನೊಂದು ಅರ್ಧವನ್ನು ಕಳುಹಿಸುತ್ತೇನೆ. ಇಷ್ಟೇ. ಕೆಳಗೆ, ಇದನ್ನು ಬರೆದವನು ಇಲ್ಲಿಯ ಗುಮಾಸ್ತನೆಂದೂ ಅವನಿಗೆ ಕನ್ನಡ ಬಾರದೆಂದೂ ಯಜಮಾನರಿಗೆ ಮಲಯಾಳ ಬರೆಯಲು ಬಾರದೆಂದೂ ಒಂದು ಸಾಲು.

ನಾನು ಗೆದ್ದವನಂತೆ ಮೂಡುಬಿದಿರೆಗೆ ಹೋದೆ. ತಮ್ಮನ ಮಗ ಎಲ್ಲವನ್ನೂ ಕೇಳಿದ. ಅವನು ದಡ್ಡನಲ್ಲ.

“ದೊಡ್ಡಪ್ಪ, ಇನ್ನರ್ಧ ಕಳಿಸ್ತೇನೆ ಅಂತ ಬರೆದವ ಕಳಿಸಲಿಲ್ಲ ಅಲ್ವ? ಹಾಗಾದರೆ ನಾನು ಬರೆದದ್ದರಲ್ಲಿ ತಪ್ಪೇನು?”

“ಪಾವತಿ ಕೇಳಿದ್ದ. ನಾವು ಕೊಟ್ಟಿದ್ದೇವಾ?”

“ಕೊಟ್ಟಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಕೊಟ್ಟೂ ಅವ ಕಳಿಸದೆ ಇದ್ದಿರಬಹುದು. ಇನ್ನರ್ಧಕ್ಕೆ ಬೇರೇನೋ ಮಾಡಿ ಹಣ ತೆಗೆದುಕೊಂಡಿರಬಹುದು.”

ನಾನು ಮಲಯಾಳದ ಕಾಗದವನ್ನು ಮಡಚಿದೆ. ಅವನು ಸ್ವರ ತಗ್ಗಿಸಿ ಹೇಳಿದ: “ಮತ್ತೊಂದು. ನಮ್ಮ ಹಿರಿಯರು ಒಂದು ಕಾಗದಕ್ಕೆ ಹೆದರಿ ಬೂದಿ ಸಾಸಿವೆ ಹಾಕಿದವರು ಅಂತ ಬರೆಯುವುದಾ? ಮೊಮ್ಮಕ್ಕಳು ಓದ್ಲಿಕ್ಕುಂಟು.”

“ಓದಲಿ.”

“ನಿಮ್ಮ ಹಟ ನಿಮಗೆ. ಇನ್ನೊಂದು ತುಂಡು ತೋರಿಸಿ ದೊಡ್ಡಪ್ಪ, ಮೊದಲ ಪುಟ ನಾನೇ ಹರೀತೇನೆ. ಇಲ್ಲದಿದ್ದರೆ ಸೋಮವಾರ ಅಚ್ಚಿಗೆ.”

ಅವನ ಮಾತು ನ್ಯಾಯವಾಗಿತ್ತು. ಶನಿವಾರ ಬೆಳಿಗ್ಗೆ ಅರ್ಧ ನೋಟನ್ನೂ ಕಾಗದವನ್ನೂ ಎದೆಯ ಜೇಬಿನಲ್ಲಿಟ್ಟುಕೊಂಡು ಬಂಟ್ವಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಕೈ ಜೇಬಿನ ಮೇಲೆಯೇ ಇತ್ತು. ಪೇಟೆಯಲ್ಲಿ ಇಳಿದ ಮೇಲೆ ಅದನ್ನು ಗಮನಿಸಿ ಕೈ ತೆಗೆದೆ.

ಆ ಮನೆ ಹಳೆಯ ಪೇಟೆಯಲ್ಲಿ, ಅಂಗಡಿಯ ಹಿಂದುಗಡೆ, ನೇತ್ರಾವತಿಯ ಕಡೆಗೆ ಬೆನ್ನು ಮಾಡಿದೆ. ನಾನು ಅವಮಾನಿಸಿದ ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ಒಳಗಿನ ಮಂಚದ ಮೇಲೆ ಕುಳಿತಿದ್ದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬೇಕು, ಕಣ್ಣು ಮಂಜಾಗಿತ್ತು. ಶಾಲೆಯಲ್ಲಿ ಪಾಠ ಹೇಳುವ ಮೊಮ್ಮಗಳು ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟಳು. ನಾವು ಮಾತಾಡಿದ್ದು ತುಳುವಿನಲ್ಲಿ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮುಂಡಾಜೆಯಿಂದ ಬಂದೆ ಉಮ್ಮ. ಆ ಅರ್ಧ ನೋಟು ಬಂದ ಮನೆಯವ. ನಿಮ್ಮ ಹಿರಿಯರು ಕಲ್ಲಿಕೋಟೆಯಿಂದ ಬರೆದ ಕಾಗದವನ್ನು ಮೊನ್ನೆ ಓದಿಸಿದೆವು.”

ಅವರು ನನ್ನ ಸ್ವರದ ಕಡೆಗೆ ಕಿವಿ ಕೊಟ್ಟರು.

“ಒಂದು ಕಾಗದ ಓದ್ಲಿಕ್ಕೆ ನಿಮಗೆ ನಾಲ್ಕು ತಲೆಮಾರು ಬೇಕಾಯ್ತಾ ಮಾರಾಯ್ರೆ?” ಎಂದರು. ಬಳಿಕ, “ಅದನ್ನು ಸುಟ್ಟದ್ದು ಅಂತ ಹೇಳಿದ್ದಿರಲ್ಲ?”

“ಯಾರು ಹೇಳಿದ್ದು?”

ಆಗ ನಮ್ಮ ಮನೆಯಲ್ಲಿ ಯಾರೂ ಹೇಳದ ಭಾಗವನ್ನು ಅವರು ಹೇಳಿದರು. ವ್ಯಾಪಾರಿ ಕಲ್ಲಿಕೋಟೆಯಿಂದ ಮರಳಲೇ ಇಲ್ಲ. ಅದೇ ಜ್ವರದಲ್ಲಿ ಅಲ್ಲೇ ತೀರಿಕೊಂಡ. ಅವನ ಪೆಟ್ಟಿಗೆ ಮಾತ್ರ ದೋಣಿಯಲ್ಲಿ ಬಂತು. ಅದರಲ್ಲಿ ಎರಡನೆಯ ಅರ್ಧವಿತ್ತು, ಪಾವತಿ ಬಂದರೆ ಇದನ್ನು ಮುಂಡಾಜೆಗೆ ಕೊಡಬೇಕೆಂಬ ಮಾತನ್ನು ಪೆಟ್ಟಿಗೆ ತಂದವನು ತಿಳಿಸಿದ. ವಿಧವೆ ಒಬ್ಬ ಆಳನ್ನು ನಮ್ಮ ಮನೆಗೆ ಕಳುಹಿಸಿ, ಆ ತುಂಡು ಕಾಗದ ಉಂಟೇ, ಉಂಟಾದರೆ ತನ್ನಿ, ಜೋಡಿಸುವ ಎಂದು ಹೇಳಿಸಿದಳು. ಮಾಟ ಮಾಡಿದವರು ಮಾಟವನ್ನು ತಿರುಗಿ ಕೇಳುತ್ತಿದ್ದಾರೆಂದು ನಮ್ಮವರಿಗೆ ನಡುಕ ಬಂದಿರಬೇಕು. ಅಂಗಳದಿಂದಲೇ ಆಳನ್ನು ಅಟ್ಟಿದರು. ಸುಟ್ಟುಬಿಟ್ಟಿದ್ದೇವೆ, ಇನ್ನು ಈ ಕಡೆ ಬರಬೇಡ ಎಂದರು.

“ಸುಟ್ಟ ಮೇಲೆ ಈ ಅರ್ಧ ಕೊಟ್ಟು ಏನು ಮಾಡುವುದು? ಆದ್ರೂ ಇಟ್ಟುಕೊಂಡ್ರು. ಪಾವತಿ ಬಾರದೆ ಇದು ನಮ್ಮದಲ್ಲ, ಅಮಾನತ್ತು, ನಂಬಿ ಇಟ್ಟದ್ದು. ನೆರೆ ಬಂದಾಗ ಈ ಮನೆಯಲ್ಲಿ ಮೊದಲು ಮೇಲೆ ಏರುವುದು ಆ ಪೆಟ್ಟಿಗೆ. ಅಕ್ಕಿ ಆಮೇಲೆ.”

ಮೊಮ್ಮಗಳು ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಚೂರನ್ನು ತಂದು ಚಾಪೆಯ ಮೇಲೆ ಬಿಡಿಸಿದಳು. ನಾನು ನಮ್ಮದನ್ನು ಅದರ ಸಮೀಪ ಇಟ್ಟೆ. ನಂಬರನ್ನು ಅವಳೇ ಎರಡು ಸಲ ಓದಿದಳು. ಕೊನೆಯ ಮೂರು ಅಂಕಿಗಳು ನಾಲ್ಕು, ಒಂದು, ಏಳು. ಎರಡರಲ್ಲೂ.

“ಒಂದೇ ಅಲ್ವ?” ಮುದುಕಿ ಕೇಳಿದರು.

“ಒಂದೇ ಉಮ್ಮುಮ್ಮ.”

ಅವರು ನನ್ನ ಕಡೆಗೆ ಮುಖ ತಿರುಗಿಸಿದರು. “ನೀವು ಬಸ್ಸಲ್ಲಿ ಇದ್ದವರಲ್ವ? ಸ್ವರ ಆಗಲೇ ಗೊತ್ತಾಯ್ತು. ಮುಂದೆ ಹೋಗಿ ಮುಂದೆ ಹೋಗಿ ಅಂತ ಕಿರುಚುವ ಸ್ವರ. ಆ ಬಸ್ಸಲ್ಲಿ ನಾನು ಎಷ್ಟು ಸಲ ಮದ್ದಿಗೆ ಹೋಗಿದ್ದೇನೆ.”

ನಾನು ಹೌದೆಂದೆ.

“ಅವರು ಒಮ್ಮೆ ಸಂತೆಯಲ್ಲಿ ಕೇಳಿಕೊಂಡು ಬಂದ್ರು, ಆ ಅರ್ಧ ಸುಟ್ಟದ್ದಲ್ಲವಂತೆ, ಮೋಸದ ಸಾಕ್ಷಿ ಅಂತ ಮುಂಡಾಜೆಯಲ್ಲಿ ಇಟ್ಟುಕೊಂಡಿದ್ದಾರಂತೆ ಅಂತ. ಅವರಿಗೆ ಖುಷಿ! ಸುಟ್ಟಿಲ್ಲವಲ್ಲ ಅಂತ. ಮರುದಿವಸ ಬೆಳಿಗ್ಗೆ ನಮ್ಮ ಅರ್ಧವನ್ನು ಜೇಬಲ್ಲಿ ಇಟ್ಟುಕೊಂಡು ಹೊರಟ್ರು. ಸಂಜೆಯ ಅಸರ್ ಬಾಂಗಿನ ಹೊತ್ತಿಗೆ ವಾಪಸ್ ಬಂದ್ರು, ಪುಂಜಾಲಕಟ್ಟೆಯಿಂದ ನಡ್ಕೊಂಡು. ಯಾಕೆ ಕೇಳಿದ್ರೆ, ಆ ಮನೆಯ ಹುಡುಗ ಬಸ್ಸಲ್ಲೇ ಹೀಗೆ ಹೇಳಿದ, ಮನೆಯ ಯಜಮಾನ ಅಂಗಳದಲ್ಲಿ ಎಂಥ ಹೇಳ್ಲಿಕ್ಕಿಲ್ಲ ಅಂದ್ರು. ಮತ್ತೆ ಹೋಗ್ಲಿಲ್ಲ.”

ಕ್ಷಮಿಸಬೇಕೆಂದು ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿದ ಹಾಗಲ್ಲ.

“ಅದನ್ನು ಅವರ ಹತ್ರ ಹೇಳ್ಬೇಕಿತ್ತು. ನನಗೆ ಬೇಕಾದ್ದು ಬೇರೆ ಉಂಟು. ಪಾವತಿ ಕೊಡಿ.”

ನಾನು ಮೊಮ್ಮಗಳಿಂದ ಕಾಗದ ಕೇಳಿ ಪಡೆದು ಬರೆದೆ. ನೂರು ರೂಪಾಯಿಯ ನೋಟಿನ ಒಂದು ಅರ್ಧವು, ಕಲ್ಲಿಕೋಟೆಯಿಂದ ಕಳುಹಿಸಿದ ಕಾಗದದೊಂದಿಗೆ, ಮುಂಡಾಜೆಯ ನಮ್ಮ ಮನೆಗೆ ಆ ಕಾಲದಲ್ಲೇ ಸರಿಯಾಗಿ ಸೇರಿದೆ. ಸೇರಿದ್ದಕ್ಕೆ ಪಾವತಿ ಕೊಡದಿದ್ದ ತಪ್ಪು ನಮ್ಮದು. ಸುಟ್ಟಿದ್ದೇವೆಂದು ಹೇಳಿದ್ದು ಸುಳ್ಳು. ಕಳುಹಿಸಿದವರಿಂದ ಯಾವ ಮೋಸವೂ ಆಗಿಲ್ಲ. ನಂಬರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದೆ. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಮುದುಕಿ ಮತ್ತೊಮ್ಮೆ ಓದಿಸಿದರು. ಬಳಿಕ ಪಾವತಿಯನ್ನು ಪೆಟ್ಟಿಗೆಯಲ್ಲಿಡಲು ಹೇಳಿ, ತಮ್ಮ ಅರ್ಧವನ್ನು ಮಾತ್ರ ಬಟ್ಟೆಯಲ್ಲಿ ಮತ್ತೆ ಸುತ್ತಿಸಿದರು.

“ಇದನ್ನು ಈಗ ನಿಮ್ಮ ಕೈಗೆ ಕೊಡುವುದಿಲ್ಲ. ಕೈಯಲ್ಲಿ ಕೊಟ್ರೆ ಮತ್ತೊಂದು ಕಥೆ ಹುಟ್ತದೆ. ಕಲ್ಲಿಕೋಟೆಯಿಂದ ಹಿರಿಯರು ಬರೆದ ಹಾಗೆಯೇ ಆಗ್ಲಿ. ನಾಡಿದ್ದು ರಿಜಿಸ್ಟ್ರಿ ಮಾಡಿಸ್ತೇನೆ, ಮುಂಡಾಜೆಗೆ.”

“ಈಗ ಅದು ಸ್ಪೀಡ್ ಪೋಸ್ಟ್ ಉಮ್ಮುಮ್ಮ.”

“ಎಂಥದೋ ಒಂದು. ಸಹಿ ಬೀಳ್ಬೇಕು, ಅಷ್ಟೆ.”

ಹೊರಗೆ ಬಂದು ತಮ್ಮನ ಮಗನಿಗೆ ಫೋನು ಮಾಡಿದೆ. ಅಚ್ಚು ನಿಲ್ಲಿಸು, ಇನ್ನೊಂದು ಅರ್ಧವನ್ನು ಕಂಡೆ, ನಂಬರು ಒಂದೇ ಎಂದೆ. ಬಸ್ಸಿನ ಸಂಗತಿಯನ್ನೂ ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆಗ ಅವನು, “ಟಪಾಲು ಬರುವ ದಿವಸ ನಾನೂ ಮುಂಡಾಜೆಗೆ ಬರ್ತೇನೆ ದೊಡ್ಡಪ್ಪ,” ಎಂದಷ್ಟೇ ಹೇಳಿದ.

ಲಕೋಟೆ ಬುಧವಾರ ಬಂತು. ಅಂಚೆಯವನು ಅಂಗಳದಲ್ಲಿ ನಿಂತು, ಯಾರು ಸಹಿ ಹಾಕುವುದು ಎಂದು ಕೇಳಿದ. ವಿಧವೆಯ ಆಳನ್ನು ಅಟ್ಟಿದ ಅಂಗಳ ಅದು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ತಮ್ಮನ ಮಗ ಮುಂದೆ ಹೋಗಿ ಸಹಿ ಹಾಕಿ ಲಕೋಟೆ ಪಡೆದ. ಜಗಲಿಯಲ್ಲಿ ಎರಡೂ ಅರ್ಧಗಳನ್ನು ಅವನೇ ಜೋಡಿಸಿದ. ಮುಂದುಗಡೆ ತುಂಡಾಗಿದ್ದ ಸಾಲುಗಳು ಒಂದಾದವು. ಅವನು ಅದನ್ನು ಮಗುಚಿದ. ಅರಬಿ ಅಕ್ಷರದ ಹೆಸರು ಗೆರೆಯ ಈಚೆಯಿಂದ ಆಚೆಗೆ ಎಲ್ಲಿಯೂ ತಪ್ಪದೆ ಕೂಡಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, “ಈಗ ಅದನ್ನು ಒಳಗೆ ತರಬಹುದಾ?” ಎಂದು ಕೇಳಿದರು. ಅವನು ಜೇಬಿನಿಂದ ಮೊದಲ ಪುಟವನ್ನು ತೆಗೆದು ನಾಲ್ಕಾಗಿ ಹರಿದ.

ಆ ನೋಟಿಗೆ ಇಂದು ಯಾವ ಕಚೇರಿಯೂ ಹಣ ಕೊಡಲಾರದು. ಮುಂಡಾಜೆಯ ನಮ್ಮ ಮನೆಯ ಚಾವಡಿಯಲ್ಲಿ ಅದನ್ನು ಎರಡು ಗಾಜುಗಳ ನಡುವೆ ಇಟ್ಟು, ಎರಡೂ ಬದಿ ಕಾಣುವ ಹಾಗೆ ತೂಗುಹಾಕಿದ್ದೇವೆ; ಕೆಳಗೆ ಮಲಯಾಳದ ಕಾಗದ, ಅದರ ಕನ್ನಡ ಅರ್ಥ. ಪಾವತಿ ಬಂಟ್ವಾಳದ ಆ ಮನೆಯಲ್ಲಿದೆ, ಕೇಳಿದವರಿಗೆ ಮೊಮ್ಮಗಳು ತೋರಿಸುತ್ತಾಳೆ. ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಎಡಗಡೆಯ ನಂಬರನ್ನು ಒಮ್ಮೆ, ಬಲಗಡೆಯದನ್ನು ಒಮ್ಮೆ ಓದಿದರೆ ಸಾಕು. ಹಗಲು ಹೊತ್ತಿನಲ್ಲಿ ಬಾಗಿಲು ತೆರೆದಿರುತ್ತದೆ.